ಸೆಲ್ ಖಾಲಿ ಆದ್ರೇನೇ ಲಾಭ: ರೀಚಾರ್ಜೆಬಲ್ ಬ್ಯಾಟರಿ ಆಯ್ಕೆ ಮತ್ತು ಬಳಕೆ

ಊರ ಕಡೆ ‘ಬ್ಯಾಟ್ರಿ’ ಅಂದ್ರೆ ಟಾರ್ಚು, ಅದರೊಳಗೆ ಹಾಕೋದು ‘ಶೆಲ್ಲು’. ಅಂಗಡಿಗೆ ಹೋಗಿ ‘ಗಡಿಯಾರದ ಸೆಲ್ ಕೊಡಿ’, ‘ರಿಮೋಟ್ ಸೆಲ್ ಕೊಡಿ’ ಅಂತ ಕೇಳ್ತೀವಿ, ಅಂಗಡಿಯವರು ಸೈಜ್ ನೋಡಿ ಕೊಡ್ತಾರೆ. ಒಳಗಿರೋ ಕೆಮಿಸ್ಟ್ರಿ ಯಾವುದು ಅಂತ ನಾವೂ ಕೇಳಲ್ಲ, ಅವರೂ ಹೇಳಲ್ಲ. ಪರೀಕ್ಷೆಗೆ ಅಂತ ಓದಿದ ಬ್ಯಾಟರಿ ಚಾಪ್ಟರ್ ಆ ಅಂಗಡಿ ಮುಂದೆ ನಿಂತಾಗಲೂ ಉಪಯೋಗಕ್ಕೆ ಬರಬೇಕು. ಈ ಲೇಖನದ ಉದ್ದೇಶ ಅಷ್ಟೇ.

ರೀಚಾರ್ಜೆಬಲ್ ಸೆಲ್ ಬಗ್ಗೆ ಕ್ಯಾಂಪಸ್‌ನಲ್ಲಿ ಎರಡು ಥರದ ಮಾತು ಕೇಳಿಸುತ್ತೆ. ‘ಅದು ತಗೊಂಡ್ರೆ ಎಲ್ಲದಕ್ಕೂ ಉಳಿತಾಯ’ ಅನ್ನೋದು ಒಂದು. ‘ಅದು ವೇಸ್ಟು, ವೋಲ್ಟೇಜೇ ಕಮ್ಮಿ’ ಅನ್ನೋದು ಇನ್ನೊಂದು. ಎರಡೂ ಅರ್ಧ ಸತ್ಯ. ಒಂದು ಸಾಲಿನಲ್ಲಿ ಹೇಳೋದಾದ್ರೆ, ಯಾವ ಸಾಧನ ಸೆಲ್ಲನ್ನು ಬೇಗ ಬೇಗ ಖಾಲಿ ಮಾಡುತ್ತೋ ಅಲ್ಲಿ ಮಾತ್ರ ರೀಚಾರ್ಜೆಬಲ್ ಲಾಭ. ವರ್ಷಗಟ್ಟಲೆ ಖಾಲಿ ಆಗದ ಕಡೆ ಅದನ್ನು ಹಾಕೋದು ದುಡ್ಡು ದಂಡ. ಇದು ಯಾಕೆ ಅಂತ ಒಂದೊಂದಾಗಿ ನೋಡೋಣ.

ಸೆಲ್ ಮೇಲೆ ಏನು ಬರೆದಿದೆ?

ಹಾಸ್ಟೆಲ್ ರೂಮಿನಲ್ಲೂ ಮನೆಯಲ್ಲೂ ಹೆಚ್ಚು ಕಾಣೋದು ಎಎ ಮತ್ತು ಎಎಎ ಸೈಜ್. ಎಎ ದಪ್ಪ, ಎಎಎ ಸಣ್ಣ. ಸೈಜ್ ಒಂದೇ ಇದ್ದರೂ ಒಳಗೆ ಬೇರೆ ಬೇರೆ ಕೆಮಿಸ್ಟ್ರಿ ಇರಬಹುದು. ಅದನ್ನು ತಿಳಿಯೋಕೆ ಸೆಲ್ ಮೇಲೆ ಚಿಕ್ಕದಾಗಿ ಅಚ್ಚಾಗಿರೋ ಕೋಡ್ ನೋಡಿ. ಎಎ ಸೈಜ್‌ಗೆ ಕೋಡ್ ಹೀಗಿರುತ್ತೆ:

ಆರ್ 6: ಜಿಂಕ್ ಕಾರ್ಬನ್. ಅಗ್ಗದ್ದು. ಮೇಲೆ ‘ಹೆವಿ ಡ್ಯೂಟಿ’ ಅಂತ ದೊಡ್ಡದಾಗಿ ಬರೆದಿದ್ರೂ ಹೆವಿ ಕೆಲಸಕ್ಕೆ ಆಗಿಬರಲ್ಲ.

ಎಲ್‌ಆರ್ 6: ಆಲ್ಕಲೈನ್. ಜಿಂಕ್ ಕಾರ್ಬನ್‌ಗಿಂತ ಹೆಚ್ಚು ಚಾರ್ಜ್ ಹಿಡಿಯುತ್ತೆ. ಆದರೆ ಒಂದೇ ಸಲದ್ದು.

ಎಚ್‌ಆರ್ 6: ನಿಕ್ಕಲ್ ಮೆಟಲ್ ಹೈಡ್ರೈಡ್, ಅಂದ್ರೆ ಎನ್‌ಐಎಂಎಚ್. ನಮ್ಮ ಇವತ್ತಿನ ಪಾಠದ ಹೀರೋ. ಕೆಲವದರ ಮೇಲೆ ಎಚ್‌ಆರ್ 15/51 ಅಂತಲೂ ಇರುತ್ತೆ.

ಕೆಆರ್ 6: ನಿಕ್ಕಲ್ ಕ್ಯಾಡ್ಮಿಯಂ. ಇದೂ ರೀಚಾರ್ಜೆಬಲ್, ಆದರೆ ಹಳೇ ಕಾಲದ್ದು. ಕ್ಯಾಡ್ಮಿಯಂ ವಿಷದ ಲೋಹ. ಹೊಸದಾಗಿ ತಗೊಳ್ಳೋಕೆ ಯಾವ ಕಾರಣವೂ ಇಲ್ಲ.

ಎಎಎ ಆದ್ರೆ 6ರ ಜಾಗದಲ್ಲಿ 03 ಇರುತ್ತೆ: ಎಲ್‌ಆರ್ 03, ಎಚ್‌ಆರ್ 03. ಇಷ್ಟು ಗೊತ್ತಿದ್ರೆ ಪ್ಯಾಕೆಟ್ ಮೇಲಿನ ಜಾಹೀರಾತು ಓದೋ ಅಗತ್ಯ ಇಲ್ಲ.

ಒಂದು ಎಚ್ಚರಿಕೆ. ಆರ್ 6, ಎಲ್‌ಆರ್ 6 ಸೆಲ್‌ಗಳನ್ನು ಚಾರ್ಜರ್‌ಗೆ ಹಾಕ್ಬಾರ್ದು. ಒಳಗೆ ಗ್ಯಾಸ್ ಉಂಟಾಗಿ ಸೋರಬಹುದು, ಸಿಡಿಯಲೂಬಹುದು. ಕ್ಯಾಲ್ಕುಲೇಟರ್‌ನಲ್ಲಿರೋ ಎಲ್‌ಆರ್ 44 ಬಟನ್ ಸೆಲ್‌ಗೂ ಇದೇ ಮಾತು.

1.2 ವೋಲ್ಟ್ ಅಂದ್ರೆ ಕಮ್ಮಿ ಅಲ್ವಾ?

ಎಲ್ಲರೂ ಕೇಳೋ ಪ್ರಶ್ನೆ ಇದು. ಆಲ್ಕಲೈನ್ ಮೇಲೆ 1.5 ವೋಲ್ಟ್ ಅಂತಿದೆ, ಎನ್‌ಐಎಂಎಚ್ ಮೇಲೆ 1.2 ವೋಲ್ಟ್. ಹಾಗಾದ್ರೆ ಸಾಧನ ಸರಿಯಾಗಿ ನಡೆಯಲ್ಲ ಅಲ್ವಾ?

ಇಲ್ಲಿ ಒಂದು ವಿಷಯ ಗಮನಿಸ್ಬೇಕು. 1.5 ವೋಲ್ಟ್ ಅನ್ನೋದು ಆಲ್ಕಲೈನ್ ಹೊಸದಿದ್ದಾಗಿನ ಕಥೆ. ಬಳಸ್ತಾ ಹೋದ ಹಾಗೆ ಅದರ ವೋಲ್ಟೇಜ್ ಇಳಿಜಾರಿನಲ್ಲಿ ಇಳಿಯುತ್ತೆ: 1.4, 1.3, 1.2, 1.1, ಕೊನೆಗೆ 0.9ರ ಹತ್ತಿರ ಬಂದಾಗ ಸೆಲ್ ಮುಗೀತು ಅಂತ ಲೆಕ್ಕ. ಅಂದ್ರೆ ಆಲ್ಕಲೈನ್‌ಗೆ ಅಂತ ಸರಿಯಾಗಿ ಡಿಸೈನ್ ಮಾಡಿದ ಸಾಧನ 1.0 ವೋಲ್ಟ್‌ವರೆಗೂ ಕೆಲಸ ಮಾಡಲೇಬೇಕು. ಎನ್‌ಐಎಂಎಚ್ ಹಾಗಲ್ಲ. ಚಾರ್ಜರ್‌ನಿಂದ ತೆಗೆದಾಗ 1.4ರ ಆಸುಪಾಸು ಇರುತ್ತೆ, ಬೇಗ 1.25ರ ಹತ್ತಿರ ಇಳಿಯುತ್ತೆ, ಆಮೇಲೆ ತುಂಬಾ ಹೊತ್ತು ಅಲ್ಲೇ ಚಪ್ಪಟೆಯಾಗಿ ನಿಲ್ಲುತ್ತೆ. ಕೊನೆಯಲ್ಲಿ ಧಡಾರ್ ಅಂತ ಬೀಳುತ್ತೆ.

ಇನ್ನೊಂದು ಕಾರಣ ಇಂಟರ್ನಲ್ ರೆಸಿಸ್ಟನ್ಸ್. ಹೊಸ ಎಎ ಆಲ್ಕಲೈನ್‌ನಲ್ಲಿ ಇದು ಸುಮಾರು 0.2 ಓಮ್ ಇರುತ್ತೆ, ಖಾಲಿ ಆಗ್ತಾ ಹೆಚ್ಚುತ್ತೆ. ಒಳ್ಳೆಯ ಎನ್‌ಐಎಂಎಚ್‌ನಲ್ಲಿ 0.03 ಓಮ್ ಹತ್ತಿರ. ಈಗ ಎರಡರಿಂದಲೂ 1 ಆಂಪಿಯರ್ ಎಳೆಯೋಣ. ಆಲ್ಕಲೈನ್ ಒಳಗೇ 0.2 ವೋಲ್ಟ್ ಕಳೆದುಹೋಯ್ತು. ಎನ್‌ಐಎಂಎಚ್‌ನಲ್ಲಿ ಹೋಗಿದ್ದು 0.03 ವೋಲ್ಟ್. ಆಲ್ಕಲೈನ್ ಸ್ವಲ್ಪ ಬಳಕೆ ಆದ್ಮೇಲೆ ಹೊರಗೆ ಸಿಗೋ ವೋಲ್ಟೇಜ್ ಎನ್‌ಐಎಂಎಚ್‌ಗಿಂತ ಕೆಳಗೆ ಹೋಗುತ್ತೆ. ಅಷ್ಟೇ ಅಲ್ಲ, ಇಷ್ಟು ಕರೆಂಟ್ ಎಳೆದಾಗ ಆಲ್ಕಲೈನ್ ತನ್ನಲ್ಲಿರೋ ಚಾರ್ಜನ್ನೆಲ್ಲ ಕೊಡೋದೇ ಇಲ್ಲ. ನಿಧಾನವಾಗಿ ಎಳೆದ್ರೆ 2000 ಮಿಲಿಆಂಪ್ ಅವರ್‌ಗಿಂತ ಹೆಚ್ಚು ಕೊಡೋ ಸೆಲ್, ಜೋರಾಗಿ ಎಳೆದ್ರೆ ಅದರ ಅರ್ಧಕ್ಕಿಂತ ಕಮ್ಮಿ ಕೊಟ್ಟು ಕೈ ಎತ್ತುತ್ತೆ. ಎನ್‌ಐಎಂಎಚ್ ಹತ್ತಿರ ಹತ್ತಿರ ಬರೆದಷ್ಟನ್ನೂ ಕೊಡುತ್ತೆ.

ಹಾಗಂತ 1.2 ವೋಲ್ಟ್ ಎಲ್ಲೂ ತೊಂದರೆ ಕೊಡಲ್ಲ ಅಂತಲ್ಲ. ನಾಲ್ಕು ಸೆಲ್ ಸೀರೀಸ್‌ನಲ್ಲಿ ಹಾಕೋ ಸಾಧನಕ್ಕೆ 6 ವೋಲ್ಟ್ ಬದಲು 4.8 ಸಿಗುತ್ತೆ. ಅದರ ಕಟ್-ಆಫ್ ಮೇಲಿದ್ರೆ ‘ಲೋ ಬ್ಯಾಟರಿ’ ಅಂತ ತೋರಿಸಿ ನಿಂತುಬಿಡಬಹುದು. ಮನೆಯಲ್ಲಿ ಅಜ್ಜ ಅಜ್ಜಿಗೆ ಅಂತ ಇಟ್ಟಿರೋ ಬಿಪಿ ಮಷೀನ್ ಇದಕ್ಕೆ ಒಳ್ಳೆ ಉದಾಹರಣೆ. ಇಂಥದ್ದರಲ್ಲಿ ಮ್ಯಾನ್ಯುಯಲ್ ಏನು ಹೇಳುತ್ತೋ ಅದೇ ಸೆಲ್ ಹಾಕಿ. ಆಲ್ಕಲೈನ್ ಅಂತಿದ್ರೆ ಆಲ್ಕಲೈನ್. ಔಷಧಿ ವಿಷಯದಲ್ಲಿ ಉಳಿತಾಯದ ಪ್ರಯೋಗ ಬೇಡ.

ಇನ್ನು ಬ್ಯಾಟರಿ ಇಂಡಿಕೇಟರ್ ನಂಬ್ಬೇಡಿ. ತುಂಬಾ ಸಾಧನಗಳು ಆಲ್ಕಲೈನ್‌ನ ಇಳಿಜಾರನ್ನು ನೋಡಿ ಎಷ್ಟು ಉಳಿದಿದೆ ಅಂತ ಊಹೆ ಮಾಡ್ತವೆ. ಎನ್‌ಐಎಂಎಚ್ ಹಾಕಿದ ಕೂಡಲೇ ಅರ್ಧ ಅಂತ ತೋರಿಸಬಹುದು, ಆಮೇಲೆ ಗಂಟೆಗಟ್ಟಲೆ ಅರ್ಧದಲ್ಲೇ ಇದ್ದು ಒಮ್ಮೆಲೇ ಆಫ್ ಆಗಬಹುದು. ಸೆಲ್ ಕೆಟ್ಟಿಲ್ಲ, ಮೀಟರ್‌ಗೆ ಅದರ ಸ್ವಭಾವ ಗೊತ್ತಿಲ್ಲ.

ದುಡ್ಡಿನ ಲೆಕ್ಕ

ಬೆಲೆ ಊರಿಂದ ಊರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತೆ. ಲೆಕ್ಕಕ್ಕೆ ಅಂತ ಹೀಗೆ ಇಟ್ಕೊಳ್ಳೋಣ: ಆಲ್ಕಲೈನ್ ಎಎ ಒಂದಕ್ಕೆ 30 ರೂಪಾಯಿ, ಒಳ್ಳೆ ಎನ್‌ಐಎಂಎಚ್ ಒಂದಕ್ಕೆ 250, ಚಾರ್ಜರ್ 1200. ನೀವು ನಿಮ್ಮ ಅಂಗಡಿ ಬೆಲೆ ಹಾಕಿ ಮತ್ತೆ ಮಾಡಿ ನೋಡಿ.

ನಾಲ್ಕು ಎನ್‌ಐಎಂಎಚ್ ಮತ್ತು ಚಾರ್ಜರ್ ಸೇರಿ 2200 ರೂಪಾಯಿ. ನಾಲ್ಕು ಆಲ್ಕಲೈನ್‌ಗೆ 120. 2200ನ್ನು 120ರಿಂದ ಭಾಗಿಸಿದ್ರೆ 18 ಚಿಲ್ಲರೆ. ಅಂದ್ರೆ ನಾಲ್ಕು ಸೆಲ್‌ನ ಸೆಟ್ಟನ್ನು 19 ಸಲ ಬದಲಾಯಿಸೋ ಹೊತ್ತಿಗೆ ಹಾಕಿದ ದುಡ್ಡು ವಾಪಸ್ ಬಂತು. ಆಮೇಲೆ ಬರೋದೆಲ್ಲ ಲಾಭ.

ಕರೆಂಟ್ ಖರ್ಚು? 1.2 ವೋಲ್ಟ್, 2 ಆಂಪಿಯರ್ ಅವರ್ ಅಂದ್ರೆ 2.4 ವಾಟ್ ಅವರ್. ನಷ್ಟ ಎಲ್ಲ ಸೇರಿ 5 ವಾಟ್ ಅವರ್ ಅಂತಲೇ ಹಿಡಿಯೋಣ. ಒಂದು ಯೂನಿಟ್‌ನಲ್ಲಿ 200 ಸೆಲ್ ಚಾರ್ಜ್ ಆಗುತ್ತೆ. ಯೂನಿಟ್‌ಗೆ 8 ರೂಪಾಯಿ ಅಂದ್ರೂ ಒಂದು ಸೆಲ್‌ಗೆ 4 ಪೈಸೆ. ಮರೆತುಬಿಡಿ.

ಈಗ ಈ 19 ಸಲ ಅನ್ನೋದು ಎಷ್ಟು ದಿನದಲ್ಲಿ ಬರುತ್ತೆ? ಎರಡು ಎಎ ಹಾಕೋ ಗೇಮ್ ಕಂಟ್ರೋಲರ್ ತಗೊಳ್ಳಿ. ಒಂದು ಜೊತೆ ಸೆಲ್ 30 ಗಂಟೆ ಬಂತು, ದಿನಕ್ಕೆ 3 ಗಂಟೆ ಆಟ ಅಂದ್ಕೊಳ್ಳಿ (ಇಂಟರ್ನಲ್ಸ್ ಇಲ್ಲದ ದಿನ). 10 ದಿನಕ್ಕೊಮ್ಮೆ ಎರಡು ಸೆಲ್, ವರ್ಷಕ್ಕೆ ಸುಮಾರು 72 ಸೆಲ್, ಅಂದ್ರೆ 2160 ರೂಪಾಯಿ. ಒಂದೇ ವರ್ಷದಲ್ಲಿ ಹಾಕಿದ ದುಡ್ಡು ಬಹುತೇಕ ಬಂತು.

ಗೋಡೆ ಗಡಿಯಾರ ತಗೊಳ್ಳಿ. ಒಂದು ಸೆಲ್ ಒಂದು ವರ್ಷ ಆರಾಮಾಗಿ ಓಡುತ್ತೆ. ವರ್ಷಕ್ಕೆ 30 ರೂಪಾಯಿ. ಚಾರ್ಜರ್ ಲೆಕ್ಕ ಬಿಟ್ಟು ಬರೀ 250 ರೂಪಾಯಿಯ ಸೆಲ್ ದುಡ್ಡು ವಾಪಸ್ ಬರೋಕೇ 8 ವರ್ಷ ಮೇಲೆ ಬೇಕು. ಅಷ್ಟರಲ್ಲಿ ಸೆಲ್ಲೇ ವಯಸ್ಸಾಗಿ ಸಾಮರ್ಥ್ಯ ಕಳ್ಕೊಂಡಿರುತ್ತೆ. ಸೆಲ್ ಅದೇ, ಚಾರ್ಜರ್ ಅದೇ. ಲಾಭ ನಷ್ಟ ತೀರ್ಮಾನ ಮಾಡಿದ್ದು ಸಾಧನ.

ಎಲ್ಲಿಗೆ ಯಾವುದು?

ಗೋಡೆ ಗಡಿಯಾರ: ಸಾಮಾನ್ಯ ಜಿಂಕ್ ಕಾರ್ಬನ್ ಸಾಕು.

ಟಿವಿ, ಎಸಿ ರಿಮೋಟ್: ಒಂದೇ ಸಲದ ಸೆಲ್ ಸಾಕು. ಆದರೆ ಖಾಲಿಯಾದದ್ದನ್ನು ಒಳಗೇ ಬಿಡ್ಬೇಡಿ, ಸೋರುತ್ತೆ.

ಮಲ್ಟಿಮೀಟರ್: 9 ವೋಲ್ಟ್ ಆಲ್ಕಲೈನ್. ಅಪರೂಪಕ್ಕೆ ಬಳಸೋ ಸಾಧನ, ಬೇಕಾದಾಗ ಓಡ್ಬೇಕು.

ವೈರ್‌ಲೆಸ್ ಮೌಸ್: ಮಧ್ಯದ ಕೇಸ್. ತಿಂಗಳುಗಟ್ಟಲೆ ಬರುತ್ತೆ. ಬೇರೆ ಕೆಲಸಕ್ಕೆ ಎನ್‌ಐಎಂಎಚ್ ತಗೊಂಡಿದ್ರೆ ಇದಕ್ಕೂ ಹಾಕಿ, ಇದಕ್ಕೋಸ್ಕರ ಮಾತ್ರ ತಗೊಳ್ಬೇಡಿ.

ಗೇಮ್ ಕಂಟ್ರೋಲರ್, ಕ್ಯಾಮೆರಾ ಫ್ಲ್ಯಾಶ್, ಮಕ್ಕಳ ಮೋಟಾರ್ ಆಟಿಕೆ, ದಿನಾ ಬಳಸೋ ಟಾರ್ಚು, ಪ್ರಾಜೆಕ್ಟ್ ರೋಬೋ: ಕಣ್ಣು ಮುಚ್ಚಿ ಎನ್‌ಐಎಂಎಚ್.

ತುರ್ತಿಗೆ ಅಂತ ಇಟ್ಟಿರೋ ಟಾರ್ಚು: ಇಲ್ಲಿ ಸ್ವಲ್ಪ ಯೋಚನೆ ಮಾಡ್ಬೇಕು. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಮರ ಬಿದ್ದು ಲೈನ್ ಹೋದ್ರೆ ಒಂದೆರಡು ದಿನ ಕರೆಂಟ್ ಇರಲ್ಲ. ಚಾರ್ಜರ್ ಇದ್ದೂ ಪ್ರಯೋಜನ ಇಲ್ಲದ ಹೊತ್ತು ಅದು. ಟಾರ್ಚಿನಲ್ಲಿ ಎನ್‌ಐಎಂಎಚ್ ಇದ್ದರೂ ಪಕ್ಕದಲ್ಲಿ ಒಂದು ಜೊತೆ ಹೊಸ ಆಲ್ಕಲೈನ್ ಪ್ಯಾಕ್ ಒಡೆಯದೆ ಇಟ್ಟಿರಿ. ಕತ್ತಲಲ್ಲಿ ತೋಟದ ದಾರಿಯಲ್ಲಿ ಹೋಗೋರ ಕೈಯಲ್ಲಿ ಬ್ಯಾಟ್ರಿ ಆರಿಹೋಗ್ಬಾರ್ದು.

ಎಂಎಎಚ್ ನೋಡಿ ಮರುಳಾಗ್ಬೇಡಿ

ಎನ್‌ಐಎಂಎಚ್ ತಗೊಳ್ಳೋಕೆ ಹೋದ್ರೆ ಎಲ್ಲರ ಕಣ್ಣು ಹೋಗೋದು ಎಂಎಎಚ್, ಅಂದ್ರೆ ಮಿಲಿಆಂಪ್ ಅವರ್ ಸಂಖ್ಯೆ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಸೆಲ್ಫ್ ಡಿಸ್ಚಾರ್ಜ್, ಅಂದ್ರೆ ಸುಮ್ಮನೆ ಇಟ್ಟಾಗಲೂ ಚಾರ್ಜ್ ಸೋರಿಹೋಗೋದು. ಹಳೇ ಥರದ ಎನ್‌ಐಎಂಎಚ್ ತಿಂಗಳಿಗೆ 20ರಿಂದ 30 ಪರ್ಸೆಂಟ್ ಕಳ್ಕೊಳ್ಳುತ್ತಿತ್ತು. ದಸರಾ ರಜೆಯಲ್ಲಿ ಚಾರ್ಜ್ ಮಾಡಿಟ್ಟದ್ದು ಸಂಕ್ರಾಂತಿ ಹೊತ್ತಿಗೆ ಹೆಚ್ಚುಕಮ್ಮಿ ಖಾಲಿ. ‘ರೀಚಾರ್ಜೆಬಲ್ ವೇಸ್ಟು’ ಅನ್ನೋ ಮಾತು ಹುಟ್ಟೋಕೆ ಇದೂ ಒಂದು ಕಾರಣ.

2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಅನ್ನೋ ಹೆಸರಿನಲ್ಲಿ ಸೋರಿಕೆ ತುಂಬಾ ಕಮ್ಮಿ ಇರೋ ಎನ್‌ಐಎಂಎಚ್ ಮಾರುಕಟ್ಟೆಗೆ ತಂತು. ಈಗ ಅದು ಪ್ಯಾನಸಾನಿಕ್ ಬ್ರ್ಯಾಂಡ್. ಈ ಥರದ ಸೆಲ್‌ಗಳಿಗೆ ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಂತಾರೆ. ಒಂದು ವರ್ಷ ಇಟ್ಟರೂ ಬಹುಪಾಲು ಚಾರ್ಜ್ ಉಳಿದಿರುತ್ತೆ. ಈಗ ಬೇರೆ ಬ್ರ್ಯಾಂಡ್‌ಗಳಲ್ಲೂ ಸಿಗುತ್ತೆ. ಪ್ಯಾಕ್ ಮೇಲೆ ‘ಪ್ರೀ-ಚಾರ್ಜ್ಡ್’ ಅಥವಾ ‘ರೆಡಿ ಟು ಯೂಸ್’ ಅಂತ ಇದ್ರೆ ಸಾಮಾನ್ಯವಾಗಿ ಈ ಜಾತಿಯದ್ದು. ಫ್ಯಾಕ್ಟರಿಯಲ್ಲಿ ತುಂಬಿಸಿದ ಚಾರ್ಜ್ ನಮ್ಮ ಕೈಗೆ ಬರೋವರೆಗೂ ಉಳಿದಿದೆ ಅಂದ್ರೆ ಸೋರಿಕೆ ಕಮ್ಮಿ ಅಂತ ತಾನೇ ಅರ್ಥ?

ಇದೇ ಬ್ರ್ಯಾಂಡ್‌ನಲ್ಲಿ ಇನ್ನೊಂದು ಪಾಠ ಇದೆ. ಬಿಳಿ ಎನೆಲೂಪ್ ಎಎ 2000 ಎಂಎಎಚ್, ಕಂಪನಿ ಹೇಳೋ ಆಯಸ್ಸು 2100 ಸೈಕಲ್. ಕಪ್ಪು ಬಣ್ಣದ ‘ಪ್ರೊ’ 2500 ಎಂಎಎಚ್, ಆಯಸ್ಸು 500 ಸೈಕಲ್. ಗುಣಿಸಿ ನೋಡಿ: ಬಿಳಿಯದು ಜೀವಮಾನದಲ್ಲಿ 42 ಲಕ್ಷ ಎಂಎಎಚ್, ಪ್ರೊ 12.5 ಲಕ್ಷ. ಇವು ಲ್ಯಾಬ್ ಪರಿಸ್ಥಿತಿಯ ಸಂಖ್ಯೆಗಳು, ನಮ್ಮ ಬಳಕೆಯಲ್ಲಿ ಅಷ್ಟು ಬರಲ್ಲ. ಆದರೂ ದಿಕ್ಕು ಸರಿಯಾಗಿದೆ. ಅದೇ ಡಬ್ಬಿಯೊಳಗೆ ಹೆಚ್ಚು ತುರುಕಿದ್ರೆ ಬಾಳಿಕೆ ಕಮ್ಮಿ. ಒಂದೇ ಸಲಕ್ಕೆ ಹೆಚ್ಚು ಹೊತ್ತು ಬೇಕು ಅನ್ನೋರಿಗೆ ಮಾತ್ರ ಪ್ರೊ.

ಎಎ ಸೈಜ್‌ನ ಎನ್‌ಐಎಂಎಚ್‌ಗೆ 2700, 2800 ಎಂಎಎಚ್ ಹತ್ತಿರ ಮಿತಿ ಬಂದುಬಿಡುತ್ತೆ. ಎಎಎ ಆದ್ರೆ 1000ದ ಸುತ್ತಮುತ್ತ. ಆನ್‌ಲೈನ್‌ನಲ್ಲಿ ‘4000 ಎಂಎಎಚ್’ ಅಂತ ಅಗ್ಗಕ್ಕೆ ಸಿಗೋ ಎಎ ಸೆಲ್ ನೋಡಿದ್ರೆ ಅದು ಬರೀ ಸ್ಟಿಕರ್ ಸಾಮರ್ಥ್ಯ. ಪರೀಕ್ಷೆ ಮಾಡೋದು ಸುಲಭ, ತೂಕ ಮಾಡಿ. ನಿಜವಾದ 2000 ಎಂಎಎಚ್ ಎಎ ಸೆಲ್ 26, 27 ಗ್ರಾಂ ತೂಗುತ್ತೆ. 16, 17 ಗ್ರಾಂ ಬಂದ್ರೆ ಒಳಗೆ ಅಷ್ಟು ಮಾಲೇ ಇಲ್ಲ.

ಸೆಲ್‌ಗಿಂತ ಚಾರ್ಜರ್ ಮುಖ್ಯ

ಬಜೆಟ್ ಕಮ್ಮಿ ಇದ್ರೆ ಸೆಲ್ ಎರಡು ಕಮ್ಮಿ ತಗೊಳ್ಳಿ, ಚಾರ್ಜರ್ ಮಾತ್ರ ಒಳ್ಳೆಯದು ತಗೊಳ್ಳಿ. ಒಳ್ಳೆ ಸೆಲ್ಲನ್ನು ಕೆಟ್ಟ ಚಾರ್ಜರ್ ಕೆಲವೇ ತಿಂಗಳಲ್ಲಿ ಹಾಳು ಮಾಡುತ್ತೆ.

ಕಾರಣ ಇದು. ಸೆಲ್ ತುಂಬಿದ ಮೇಲೂ ಕರೆಂಟ್ ಹರೀತಾ ಇದ್ರೆ ಆ ಎನರ್ಜಿ ಹೋಗೋಕೆ ಜಾಗ ಇಲ್ಲ. ಒಳಗೆ ಆಕ್ಸಿಜನ್ ಉಂಟಾಗಿ, ಅದು ಇನ್ನೊಂದು ಎಲೆಕ್ಟ್ರೋಡ್‌ನಲ್ಲಿ ಮತ್ತೆ ಸೇರಿಕೊಂಡು, ಎಲ್ಲ ಶಾಖ ಆಗುತ್ತೆ. ಬಿಸಿಯಾದ ಹಾಗೆ ಸೆಲ್‌ನ ವೋಲ್ಟೇಜ್ ಕೆಲವು ಮಿಲಿವೋಲ್ಟ್ ಕೆಳಗೆ ಬಾಗುತ್ತೆ. ಒಳ್ಳೆ ಚಾರ್ಜರ್ ಈ ಚಿಕ್ಕ ಇಳಿತವನ್ನೇ ಕಾಯ್ತಾ ಇರುತ್ತೆ. ಇದಕ್ಕೆ ‘ಮೈನಸ್ ಡೆಲ್ಟಾ ವಿ’ ಅಂತ ಹೆಸರು. ಇಳಿತ ಕಂಡ ಕೂಡಲೇ ಚಾರ್ಜ್ ನಿಲ್ಲಿಸುತ್ತೆ. ಜೊತೆಗೆ ಟೈಮರ್, ಟೆಂಪರೇಚರ್ ಸೆನ್ಸರ್ ಇದ್ರೆ ಇನ್ನೂ ಕ್ಷೇಮ.

ಅಗ್ಗದ ಚಾರ್ಜರ್‌ನಲ್ಲಿ ಇದ್ಯಾವುದೂ ಇರಲ್ಲ. ಸಣ್ಣ ಕರೆಂಟ್ ಬಿಟ್ಟುಕೊಂಡು ಕೂತಿರುತ್ತೆ, ಲೈಟ್ ಸದಾ ಉರಿಯುತ್ತೆ. ಇಂಥದ್ದೇ ಇದ್ರೆ ನೀವೇ ಟೈಮರ್ ಆಗ್ಬೇಕು. ಚಾರ್ಜರ್ ಮೇಲೆ ಬರೆದಿರೋ ಔಟ್‌ಪುಟ್ ಕರೆಂಟ್ ನೋಡಿ. ಸೆಲ್ 2000 ಎಂಎಎಚ್, ಚಾರ್ಜರ್ 200 ಮಿಲಿಆಂಪ್ ಅಂದ್ರೆ ಕಾಗದದ ಮೇಲೆ 10 ಗಂಟೆ. ನಷ್ಟ ಇರೋದ್ರಿಂದ ಒಂದೂವರೆ ಪಟ್ಟು ಹಿಡೀಬೇಕು: 15 ಗಂಟೆ. ಮೊಬೈಲ್‌ನಲ್ಲಿ ಅಲಾರಂ ಇಟ್ಟು ತೆಗೆಯಿರಿ.

ತಗೊಳ್ಳುವಾಗ ಮೂರು ಪ್ರಶ್ನೆ ಕೇಳಿ. ತುಂಬಿದ ಮೇಲೆ ತಾನಾಗಿ ನಿಲ್ಲುತ್ತಾ? ಪ್ರತಿ ಸೆಲ್ಲಿಗೂ ಬೇರೆ ಬೇರೆ ಚಾನೆಲ್ ಇದೆಯಾ? ಒಂದು ಸೆಲ್ಲನ್ನು ಮಾತ್ರ ಹಾಕಿ ಚಾರ್ಜ್ ಮಾಡ್ಬಹುದಾ? ಜೊತೆಯಾಗಿ ಮಾತ್ರ ಚಾರ್ಜ್ ಮಾಡೋದ್ರಲ್ಲಿ ಅರ್ಧ ತುಂಬಿದ ಸೆಲ್ ಓವರ್‌ಚಾರ್ಜ್ ಆಗುತ್ತೆ, ಇಲ್ಲವೇ ಖಾಲಿ ಸೆಲ್ ಪೂರ್ತಿ ತುಂಬಲ್ಲ. ವೇಗದ ವಿಷಯ ಕೊನೆಗೆ. ಮೂರು ನಾಲ್ಕು ಗಂಟೆಯಲ್ಲಿ ತುಂಬಿಸೋ ಸ್ಮಾರ್ಟ್ ಚಾರ್ಜರ್ ನಮ್ಮ ಬಳಕೆಗೆ ಧಾರಾಳ ಆಯ್ತು. ಚಾರ್ಜ್ ಮುಗಿಯೋ ಹೊತ್ತಿಗೆ ಸೆಲ್ ಬೆಚ್ಚಗಿರೋದು ಸಹಜ. ಕೈಯಲ್ಲಿ ಹಿಡಿಯೋಕೆ ಆಗದಷ್ಟು ಸುಡ್ತಿದ್ರೆ ಆ ಚಾರ್ಜರ್ ಬಳಕೆ ನಿಲ್ಲಿಸಿ.

ಬಳಸೋ ಕ್ರಮ

ಸೆಟ್ ಮುರೀಬೇಡಿ. ಒಟ್ಟಿಗೆ ತಗೊಂಡ ನಾಲ್ಕು ಸೆಲ್ ಮೇಲೆ ಮಾರ್ಕರ್‌ನಲ್ಲಿ ‘ಅ’ ಅಂತ, ಇನ್ನೊಂದು ಸೆಟ್ ಮೇಲೆ ‘ಆ’ ಅಂತ ಬರೆದು, ತಗೊಂಡ ತಿಂಗಳು ಹಾಕಿ. ಸೀರೀಸ್‌ನಲ್ಲಿ ಎಲ್ಲ ಸೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯುತ್ತೆ. ಮೂರು ಸೆಲ್ 2000 ಎಂಎಎಚ್, ಒಂದು ಮಾತ್ರ ಹಳೇದು, 1500 ಅಂತ ಇಟ್ಕೊಳ್ಳಿ. 1500 ಮುಗಿದ ಮೇಲೂ ಉಳಿದ ಮೂರು ಸೆಲ್ ಕರೆಂಟ್ ತಳ್ತಾನೇ ಇರ್ತವೆ. ಖಾಲಿ ಸೆಲ್‌ನ ವೋಲ್ಟೇಜ್ ಸೊನ್ನೆಗಿಂತ ಕೆಳಗೆ ಹೋಗಿ ಉಲ್ಟಾ ಆಗುತ್ತೆ. ಇದೇ ಸೆಲ್ ರಿವರ್ಸಲ್. ಹೀಗೆ ಕೆಲವು ಸಲ ಆದ್ರೆ ಆ ಸೆಲ್ ಕಥೆ ಮುಗೀತು. ಆದ್ದರಿಂದ ಹೊಸದು ಹಳೇದು, ಎಎ ಬ್ರ್ಯಾಂಡ್ ಎರಡು, ಆಲ್ಕಲೈನ್ ಜೊತೆ ಎನ್‌ಐಎಂಎಚ್, ಇಂಥ ಮಿಶ್ರಣ ಬೇಡ. ಮೋಟಾರ್ ನಿಧಾನ ಆಯ್ತು, ಲೈಟ್ ಮಂದ ಆಯ್ತು ಅಂದ ಕೂಡಲೇ ನಿಲ್ಲಿಸಿ ಚಾರ್ಜ್‌ಗೆ ಹಾಕಿ, ಕೊನೇ ಹನಿವರೆಗೂ ಹಿಂಡ್ಬೇಡಿ.

‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡ್ಬೇಕು’ ಅನ್ನೋ ನಂಬಿಕೆ ನಿಕ್ಕಲ್ ಕ್ಯಾಡ್ಮಿಯಂ ಕಾಲದ ಮೆಮೊರಿ ಎಫೆಕ್ಟ್‌ನಿಂದ ಬಂದದ್ದು. ಎನ್‌ಐಎಂಎಚ್‌ನಲ್ಲಿ ಆ ಪರಿಣಾಮ ತೀರಾ ಕಮ್ಮಿ. ಅರ್ಧ ಇದ್ದಾಗ ಚಾರ್ಜ್ ಮಾಡಿದ್ರೆ ಏನೂ ಆಗಲ್ಲ.

ಬ್ಯಾಗ್‌ನಲ್ಲಿ ಬಿಡಿ ಸೆಲ್‌ಗಳನ್ನು ಬೀಗದಕೈ ಗೊಂಚಲು, ಚಿಲ್ಲರೆ ಕಾಸಿನ ಜೊತೆ ಹಾಕ್ಬೇಡಿ. ಇಂಟರ್ನಲ್ ರೆಸಿಸ್ಟನ್ಸ್ ಕಮ್ಮಿ ಇರೋದು ನಮಗೆ ಅನುಕೂಲ ಅಂತ ಮೇಲೆ ನೋಡಿದ್ವಿ. ಶಾರ್ಟ್ ಆದಾಗ ಅದೇ ಶತ್ರು. 1.2ನ್ನು 0.03ರಿಂದ ಭಾಗಿಸಿ, 40 ಆಂಪಿಯರ್. ಕೀ ಮುಟ್ಟುವ ಜಾಗದ ರೆಸಿಸ್ಟನ್ಸ್‌ನಿಂದ ಅಷ್ಟು ಬರದೇ ಹೋದ್ರೂ ಕೀ ಕಾಯಿಸಿ ಬ್ಯಾಗ್ ಸುಡೋಕೆ ಸಾಕು. ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಒಂದು ಇಟ್ಕೊಳ್ಳಿ.

ಪ್ರಾಜೆಕ್ಟ್ ರೋಬೋಗೆ

ಲೈನ್ ಫಾಲೋವರ್ ಮಾಡೋರು ಮೊದಲು ತರೋದು 9 ವೋಲ್ಟ್‌ನ ಚೌಕ ಬ್ಯಾಟರಿ. ವೋಲ್ಟೇಜ್ ಜಾಸ್ತಿ ಇದೆ, ಸಾಕು ಅನ್ಸುತ್ತೆ. ಆದರೆ ಅದರೊಳಗೆ ಆರು ಪುಟ್ಟ ಸೆಲ್‌ಗಳು ಸೀರೀಸ್‌ನಲ್ಲಿವೆ. ಸಾಮರ್ಥ್ಯ 500 ಎಂಎಎಚ್ ಹತ್ತಿರ, ಇಂಟರ್ನಲ್ ರೆಸಿಸ್ಟನ್ಸ್ ಒಂದು ಓಮ್‌ಗಿಂತ ಹೆಚ್ಚು. ಹಳದಿ ಗೇರ್ ಮೋಟಾರ್ ಎರಡು ಒಟ್ಟಿಗೆ ಸ್ಟಾರ್ಟ್ ಆಗುವಾಗ ಕರೆಂಟ್ ಒಂದು ಆಂಪಿಯರ್ ದಾಟಬಹುದು. ವೋಲ್ಟೇಜ್ ಕುಸಿದು ಆರ್ಡುಯಿನೋ ರೀಸೆಟ್ ಆಗುತ್ತೆ. ಕೋಡ್‌ನಲ್ಲಿ ಬಗ್ ಹುಡುಕ್ತಾ ರಾತ್ರಿ ಕಳೆಯೋ ಟೀಮ್‌ಗಳಿಗೆ ನಮ್ಮ ಸಲಹೆ: ಮೊದಲು ಬ್ಯಾಟರಿ ಬದಲಾಯಿಸಿ ನೋಡಿ.

ಆರು ಎಎ ಎನ್‌ಐಎಂಎಚ್ ಹೋಲ್ಡರ್ ಹಾಕಿದ್ರೆ 7.2 ವೋಲ್ಟ್ ಸಿಗುತ್ತೆ. ಎಲ್298ಎನ್ ಡ್ರೈವರ್ ಸುಮಾರು 2 ವೋಲ್ಟ್ ತಿಂದ್ರೂ ಮೋಟಾರ್‌ಗೆ 5 ವೋಲ್ಟ್ ಉಳಿಯುತ್ತೆ. ನಾಲ್ಕೇ ಸೆಲ್ ಹಾಕಿದ್ರೆ 4.8ರಲ್ಲಿ 2 ಹೋಗಿ 2.8 ಉಳಿದು ಗಾಡಿ ತೆವಳುತ್ತೆ. ನಾಲ್ಕು ಸೆಲ್ಲನ್ನು ನೇರ ಆರ್ಡುಯಿನೋದ 5 ವೋಲ್ಟ್ ಪಿನ್‌ಗೂ ಕೊಡ್ಬೇಡಿ. ಈಗಷ್ಟೇ ಚಾರ್ಜ್ ಆದ ನಾಲ್ಕು ಸೆಲ್ ಸೇರಿ 5.5 ವೋಲ್ಟ್ ದಾಟಬಹುದು, ಊನೋ ಬೋರ್ಡಿನ ಚಿಪ್‌ಗೆ ಅದೇ ಮಿತಿ.

ಯುಎಸ್‌ಬಿ-ಸಿ ಪೋರ್ಟ್ ಇರೋ ಎಎ ಸೆಲ್

ಈಗ ಲಿಥಿಯಂ ಎಎ ಸೆಲ್‌ಗಳೂ ಬಂದಿವೆ. ಒಳಗೆ 3.7 ವೋಲ್ಟ್ ಲಿಥಿಯಂ ಸೆಲ್, ಜೊತೆಗೆ ಅದನ್ನು 1.5ಕ್ಕೆ ಇಳಿಸೋ ಪುಟ್ಟ ಕನ್ವರ್ಟರ್. ಕೊನೆವರೆಗೂ 1.5 ವೋಲ್ಟ್ ಕೊಡುತ್ತೆ. ಮ್ಯಾನ್ಯುಯಲ್ ಒಪ್ಪಿದ್ರೆ, 1.2 ವೋಲ್ಟ್‌ಗೆ ಹಟ ಮಾಡೋ ಸಾಧನಕ್ಕೆ ಇದು ಉತ್ತರ. ಆದರೆ ಮೇಲೆ ಬರೆದಿರೋ ಸಂಖ್ಯೆ ಎಷ್ಟೋ ಸಲ ಎಂಎಎಚ್ ಅಲ್ಲ, ಮಿಲಿವಾಟ್ ಅವರ್. 3000 ಮಿಲಿವಾಟ್ ಅವರ್ ಅಂದ್ರೆ 1.5ರಿಂದ ಭಾಗಿಸಿ, 2000 ಎಂಎಎಚ್. ಕನ್ವರ್ಟರ್‌ನ ಸ್ವಿಚಿಂಗ್‌ನಿಂದ ರೇಡಿಯೋದಲ್ಲಿ ಗೊರಗೊರ ಸದ್ದು ಬರಬಹುದು. ಮುಗಿಯುವಾಗ ಯಾವ ಸೂಚನೆಯೂ ಕೊಡದೆ ಆಫ್ ಆಗುತ್ತೆ. ಇವನ್ನು ಎನ್‌ಐಎಂಎಚ್ ಚಾರ್ಜರ್‌ಗೆ ಹಾಕಲೇಬಾರ್ದು.

ಇದಕ್ಕಿಂತ ಅಪಾಯ 14500 ಅಂತ ಬರೆದಿರೋ ಸೆಲ್. ನೋಡೋಕೆ ಎಎ ಥರವೇ, ಗಾತ್ರವೂ ಅದೇ. ಆದರೆ ಕನ್ವರ್ಟರ್ ಇಲ್ಲದ ಬರೀ ಲಿಥಿಯಂ, ತುಂಬಿದಾಗ 4.2 ವೋಲ್ಟ್. ರಿಮೋಟ್‌ಗೆ ಎರಡು ಹಾಕಿದ್ರೆ 3 ವೋಲ್ಟ್ ಜಾಗಕ್ಕೆ 8.4 ಹೋಗುತ್ತೆ. ರೂಮ್‌ಮೇಟ್ ಡ್ರಾಯರ್‌ನಿಂದ ಸೆಲ್ ಎತ್ಕೊಳ್ಳೋ ಮುಂಚೆ ಕೋಡ್ ಓದಿ.

ಸೆಲ್ ಬದುಕಿದೆಯಾ? ಬಿಸಾಡೋದು ಎಲ್ಲಿ?

ಎನ್‌ಐಎಂಎಚ್‌ಗೆ ಮಲ್ಟಿಮೀಟರ್ ಇಟ್ಟು ಬರೀ ವೋಲ್ಟೇಜ್ ನೋಡಿದ್ರೆ ಏನೂ ಗೊತ್ತಾಗಲ್ಲ, ಸತ್ತ ಸೆಲ್ಲೂ 1.28 ತೋರಿಸುತ್ತೆ. ಲೋಡ್ ಹಾಕಿ ನೋಡಿ. ಪೂರ್ತಿ ಚಾರ್ಜ್ ಮಾಡಿ ಒಂದೆರಡು ಗಂಟೆ ಬಿಟ್ಟು, 2.2 ಓಮ್, 2 ವಾಟ್ ರೆಸಿಸ್ಟರ್ ಒಂದನ್ನು ಅಡ್ಡ ಹಿಡಿದು, ಕೆಲವು ಸೆಕೆಂಡ್ ಆದ್ಮೇಲೆ ಸೆಲ್‌ನ ತುದಿಗಳಲ್ಲೇ ವೋಲ್ಟೇಜ್ ಓದಿ. ಉದಾಹರಣೆಗೆ ಲೋಡ್ ಇಲ್ಲದೆ 1.30, ಲೋಡ್ ಇದ್ದಾಗ 1.24 ಬಂತು. ಕರೆಂಟ್ 1.24 ಭಾಗಿಸು 2.2, ಅಂದ್ರೆ 0.56 ಆಂಪಿಯರ್. ಇಳಿದದ್ದು 0.06 ವೋಲ್ಟ್. ರೆಸಿಸ್ಟನ್ಸ್ ಸುಮಾರು 0.1 ಓಮ್. ಇನ್ನೂ ಬಳಸಬಹುದು. 1.28 ಇದ್ದದ್ದು 1.05ಕ್ಕೆ ಕುಸಿದ್ರೆ 0.5 ಓಮ್ ಹತ್ತಿರ ಆಯ್ತು. ಅದಕ್ಕೆ ಕಂಟ್ರೋಲರ್, ರೋಬೋ ಕೆಲಸದಿಂದ ನಿವೃತ್ತಿ ಕೊಡಿ. ಸ್ವಲ್ಪ ಕಾಲ ಮೌಸ್‌ನಲ್ಲಿ ಓಡಬಹುದು.

ಪೂರ್ತಿ ಸತ್ತ ಮೇಲೆ ಹಸಿ ಕಸಕ್ಕೂ ಬೇಡ, ಒಣ ಕಸಕ್ಕೂ ಬೇಡ. ಬೆಂಕಿಗಂತೂ ಬೇಡವೇ ಬೇಡ. ಕೇಂದ್ರ ಸರ್ಕಾರದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಲ್ಲಿ ಬಂದಿವೆ. ಅದಕ್ಕೂ ಮುಂಚಿನ 2001ರ ನಿಯಮ ಲೆಡ್ ಆಸಿಡ್ ಬ್ಯಾಟರಿಗೆ ಮಾತ್ರ ಇತ್ತು. ಈಗ ಈ ಪುಟ್ಟ ಸೆಲ್‌ಗಳೂ ಅದರ ವ್ಯಾಪ್ತಿಯಲ್ಲಿವೆ, ಬಳಸಿ ಮುಗಿದದ್ದನ್ನು ವಾಪಸ್ ಸಂಗ್ರಹಿಸೋ ಹೊಣೆ ತಯಾರಕರ ಮೇಲಿದೆ. ಕಸದ ಡಬ್ಬಿಗೆ ಅಡ್ಡಗೆರೆ ಹಾಕಿದ ಚಿಹ್ನೆ ಸೆಲ್ ಮೇಲೆ ಇರೋದು ಇದಕ್ಕೇ. ಹಾಸ್ಟೆಲ್ ಬ್ಲಾಕ್‌ಗೊಂದು ಡಬ್ಬಿ ಇಟ್ಟು, ತುಂಬಿದಾಗ ಇ-ವೇಸ್ಟ್ ಸಂಗ್ರಹದವರಿಗೆ ಕೊಟ್ರೆ ಕೆಲಸ ಆಯ್ತು. ಲಿಥಿಯಂ ಸೆಲ್ ಆದ್ರೆ ಎರಡೂ ತುದಿಗೆ ಟೇಪ್ ಸುತ್ತಿ ಹಾಕಿ.

ಹಾಗಾದ್ರೆ ಈ ಶನಿವಾರ ಒಂದು ಕೆಲಸ ಮಾಡಿ. ರೂಮಿನಲ್ಲಿ, ಊರಿಗೆ ಹೋದಾಗ ಮನೆಯಲ್ಲಿ, ಸೆಲ್ ಹಾಕೋ ಸಾಧನಗಳ ಪಟ್ಟಿ ಬರೆಯಿರಿ. ಪ್ರತಿಯೊಂದರ ಎದುರು ವರ್ಷಕ್ಕೆ ಎಷ್ಟು ಸಲ ಸೆಲ್ ಬದಲಾಯಿಸ್ತೀರಿ ಅಂತ ಹಾಕಿ. ಒಂದು, ಎರಡು ಇದ್ದದ್ದನ್ನು ಹೊಡೆದುಹಾಕಿ. ಹತ್ತು ದಾಟಿದ್ದು ಏನಾದ್ರೂ ಉಳಿದ್ರೆ ನಾಲ್ಕು ಲೋ ಸೆಲ್ಫ್ ಡಿಸ್ಚಾರ್ಜ್ ಎಎ, ಒಂದು ಒಳ್ಳೆ ಚಾರ್ಜರ್ ತಗೊಳ್ಳಿ. ರೂಮ್‌ಮೇಟ್ಸ್ ಮೂವರು ಸೇರಿದ್ರೆ ಚಾರ್ಜರ್ ಖರ್ಚು ಮೂರು ಪಾಲಾಗುತ್ತೆ. ಏನೂ ಉಳಿಯದಿದ್ರೆ ರೀಚಾರ್ಜೆಬಲ್ ತಗೊಳ್ಳದಿರೋದೇ ಸರಿಯಾದ ಇಂಜಿನಿಯರಿಂಗ್ ತೀರ್ಮಾನ.